ಇಳಿಯದ ಅನ್ನ

“ಕೊರಳಿನದನ್ನೂ ತೆಗೆದಿಡಿ,” ಎಂದರು ಡಾಕ್ಟರು. ಕರೆಂಟು ಕೊಡಲೆಂದು ಹೊಟ್ಟೆಯ ಮೇಲೆ ಒದ್ದೆ ಅರಿವೆಯ ಪಟ್ಟಿ ಹರಡುತ್ತಿದ್ದ ಅವರ ಕೈ, ಇಷ್ಟಲಿಂಗದ ಬೆಳ್ಳಿಯ ಕರಡಿಗೆಗೆ ತಗಲಿ ನಿಂತಿತ್ತು.

ಗುರುಸಿದ್ದಯ್ಯನಿಗೆ ತನ್ನ ಕೈಯ ಮೇಲೆ ಸಿಟ್ಟು ಬಂತು. ಅದು ಆಗಲೇ ಕರಡಿಗೆಯನ್ನು ಮುಚ್ಚಿ ಹಿಡಿದಿತ್ತು. ಗುಂಡ್ಲುಪೇಟೆಯ ಹೈಸ್ಕೂಲಿನಲ್ಲಿ ವಿಜ್ಞಾನ ಬೋಧಿಸುವವನ ಕೈ. ಮೈಸೂರಿನ ಕಾಲೇಜು ಸೇರಿದ ವರ್ಷವೇ ಅವನು ಲಿಂಗಪೂಜೆಯನ್ನು ಬಿಟ್ಟಿದ್ದ. ಲಿಂಗವನ್ನು ಬಿಡುವ ಧೈರ್ಯ ಮಾತ್ರ ಇದುವರೆಗೂ ಬಂದಿರಲಿಲ್ಲ.

ತಿಂಗಳುಗಳಿಂದ ಉಂಡದ್ದು ಹೊಟ್ಟೆಯಿಂದ ಮುಂದಕ್ಕೆ ಸಾಗುತ್ತಿರಲಿಲ್ಲ. ಬೆಳಗಿನ ಮುದ್ದೆ ಸಂಜೆಗೆ ಹಾಗೆಯೇ ಬಾಯಿಗೆ ಬರುತ್ತಿತ್ತು. ಜಠರ ಸೋಮಾರಿಯಾಗಿದೆ, ವಿದ್ಯುತ್ತಿನಿಂದ ಎಬ್ಬಿಸಿ ನೋಡೋಣ, ಏಳದಿದ್ದರೆ ಮೈಸೂರಿನಲ್ಲಿ ಕೊಯ್ಯಿಸಬೇಕು ಎಂದು ಚಾಮರಾಜನಗರದ ಈ ಡಾಕ್ಟರು ತೀರ್ಮಾನಿಸಿದ್ದರು. ತಾಯಿ ಕರಿಬಸಮ್ಮನ ತೀರ್ಮಾನವೇ ಬೇರೆ: ಲಿಂಗಕ್ಕೆ ತೋರಿಸದೆ ಉಂಡ ಅನ್ನ ಇಳಿಯುವುದಿಲ್ಲ. ಪ್ರತಿ ಊಟದಲ್ಲೂ ತಟ್ಟೆಯ ಮುಂದೆ ನಿಂತು ಅದನ್ನೇ ಹೇಳಿದ್ದಳು. ಇಂದು ಕರೆಯದಿದ್ದರೂ ಬಸ್ಸು ಹತ್ತಿ ಬಂದು, ಈಗ ಗೋಡೆಗೊರಗಿ ಕುಳಿತಿದ್ದಳು.

“ತೆಗೀಬ್ಯಾಡ ಕಣಪ್ಪ.”

“ಬೆಳ್ಳಿ ಕಣಮ್ಮ ಅದು. ಕರೆಂಟು ಹಾಯ್ದರೆ ಮೈ ಸುಡುತ್ತೆ,” ಎಂದರು ಡಾಕ್ಟರು.

“ಸುಡ್ಲಿ ಬುಡಿ. ಮೈ ತಾನೆ.”

ಗುರುಸಿದ್ದಯ್ಯ ಶಿವದಾರವನ್ನು ತಲೆಯ ಮೇಲಿಂದ ಎಳೆದು, ಕರಡಿಗೆಯನ್ನು ಮೇಜಿನ ಮೇಲೆ ಸದ್ದಾಗುವಂತೆ ಇಟ್ಟ. ಆ ಸದ್ದು ತಾಯಿಗೆ ಕೇಳಲೆಂದೇ ಇಟ್ಟೆನೆಂಬುದು ಕೂಡಲೇ ತಿಳಿದು ಸಿಟ್ಟು ಇಮ್ಮಡಿಯಾಯಿತು. ಕರಿಬಸಮ್ಮ ಎದ್ದು ಬಂದಳು. ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

ಡಾಕ್ಟರ ವಿದ್ಯುತ್ ಪೆಟ್ಟಿಗೆ ಗುಂಯ್ಗುಟ್ಟಿತು. ಹೊಟ್ಟೆ ತನ್ನಷ್ಟಕ್ಕೆ ತಾನೇ ಹಾರಿತು, ಕುಗ್ಗಿತು, ಮತ್ತೆ ಹಾರಿತು. ಎದ್ದಿತು ನೋಡಿ ಎಂದು ಡಾಕ್ಟರು ಹಿಗ್ಗಿದರು. ಕುಣಿಯುತ್ತಿರುವುದು ಹೊರಗಿನ ಮಾಂಸಖಂಡ, ಒಳಗಿನ ಚೀಲ ಮಿಸುಕಿಯೂ ಇಲ್ಲ ಎಂದು ಗುರುಸಿದ್ದಯ್ಯನಿಗೆ ಅನಿಸಿತು. ತರಗತಿಯಲ್ಲಿ ಕರೆಂಟಿಗೆ ಹಾರುವ ಸತ್ತ ಕಪ್ಪೆಯ ಕಾಲನ್ನು ನೋಡುವಷ್ಟೇ ನಿರ್ವಿಕಾರವಾಗಿ ತನ್ನ ಮೈಯನ್ನು ನೋಡಲು ಯತ್ನಿಸಿದ.

ಇನ್ನೂ ಕೆಲವು ಸಲ ಬರಬೇಕು, ಇಂದು ಗಂಜಿ ಕುಡಿದು ನೋಡಿ, ವಾಂತಿಯಾಗದೆ ಇಳಿದರೆ ಗುಣವೆಂದು ತಿಳಿಯಿರಿ ಎಂದು ಡಾಕ್ಟರು ಕಳಿಸಿಕೊಟ್ಟರು.

ಹೋಟೆಲಿನಲ್ಲಿ ಗಂಜಿ ಕುಡಿದ. ತಾಯಿ ಹೊರಗೇ ನಿಂತಿದ್ದಳು. ಕರೆದರೂ ಒಳಗೆ ಬರಲಿಲ್ಲ. ಹೊರಗೆ ಬಂದು, ಕರಡಿಗೆ ಕೊಡು ಎಂದು ಕೈ ಚಾಚಿದ. ಆಕೆಯ ಮುಷ್ಟಿ ತೆರೆಯಲಿಲ್ಲ.

“ಮೈ ಬುಟ್ಟ ಲಿಂಗವ ನೀನಾಗೇ ಕಟ್ಕಳಕ್ಕಾದ್ದಾ? ಮಠದ ಅಯ್ನೋರು ಕಟ್ಬೇಕು. ಅಲ್ಲೀಗಂಟ ನಂಗೂ ಅನ್ನ ಬ್ಯಾಡ.”

“ಉಪವಾಸ ಬಿದ್ದು ಸಾಯ್ತೀಯಾ?”

“ನಿನ್ ವಟ್ಟೇಲಿ ಬೇಕಾದಷ್ಟದಲ್ಲ. ಇಬ್ರಿಗೂ ಸಾಕು ಬುಡು.”

ಹೊಡೆಯಬೇಕೆನಿಸಿತು. ನಗಬೇಕೆನಿಸಿತು. ಎರಡೂ ಆಗದೆ ಗುಂಡ್ಲುಪೇಟೆಯ ಬಸ್ಸು ಹತ್ತಿದ. ಆಕೆಯೂ ಹತ್ತಿ ಎದುರಿನ ಸೀಟಿನಲ್ಲಿ ಮುಖ ತಿರುಗಿಸಿ ಕುಳಿತಳು.

ಬಸ್ಸು ಕಿಕ್ಕಿರಿದಿತ್ತು. ಇಂಜಿನ್ನನ್ನು ಎಬ್ಬಿಸಲು ಕ್ಲೀನರು ಮುಂದುಗಡೆ ಹ್ಯಾಂಡಲು ತೂರಿಸಿ ಬಲವಾಗಿ ತಿರುವಿದ. ಬಸ್ಸು ಗಡಗಡ ನಡುಗಿ ಸ್ತಬ್ಧವಾಯಿತು. ಮತ್ತೆ ತಿರುವಿದ, ಮತ್ತೆ ನಡುಗಿತು. ಒಳಗಿನವರ ತಲೆಗಳೆಲ್ಲ ಒಮ್ಮೆಗೇ ಹಾರಿ ಒಮ್ಮೆಗೇ ಕುಸಿದವು. ಗುರುಸಿದ್ದಯ್ಯನ ಗಂಟಲಿಗೆ ಗಂಜಿಯ ಹುಳಿ ಏರಿತು. ಹಲ್ಲು ಕಚ್ಚಿ ನುಂಗಿಕೊಂಡ.

ಬಾಗಿಲಲ್ಲಿ ಕಂಡಕ್ಟರು ಇನ್ನೂ ಜನರನ್ನು ಒಳಕ್ಕೆ ತುರುಕುತ್ತಲೇ ಇದ್ದ.