ಆತಗೂರು ಕೆರೆಯ ಜಿಗಣೆ

ಇಪ್ಪತ್ತು ವರ್ಷದ ಮೇಷ್ಟ್ರ ಕೆಲಸದಲ್ಲಿ ನನ್ನ ಹೆಸರು ಅಚ್ಚಾಗಿರುವುದು ಎರಡೇ ಕಡೆ, ಮತದಾರರ ಪಟ್ಟಿಯಲ್ಲಿ ಮತ್ತು ನನ್ನ ಮದುವೆಯ ಕರೆಯೋಲೆಯಲ್ಲಿ. ಹಾಗಿರುವಾಗ ಮೈಸೂರಿನಿಂದ ಸಸ್ಯಶಾಸ್ತ್ರಜ್ಞೆ ವನಜಾ ಮೇಡಂ ಫೋನ್ ಮಾಡಿ, "ಮಧುಕರ್, ಜಿಲ್ಲೆಯ ಕೆರೆಗಿಡಗಳ ಬಗ್ಗೆ ಒಂದು ಕೈಪಿಡಿ ತರುತ್ತಿದ್ದೇವೆ. ಜೇಕಿನ ಅಧ್ಯಾಯಕ್ಕೆ ನಿಮ್ಮ ಹೆಸರು ಹೇಳಿದರು. ಒಂದು ದಿನ ನಿಮ್ಮ ಜೊತೆ ಕೆರೆಗೆ ಬರಲೇ?" ಎಂದಾಗ ನಾನು ಕುರ್ಚಿಯಿಂದ ಎದ್ದು ನಿಂತೇ ಮಾತಾಡಿದೆ. ಬನ್ನಿ ಮೇಡಂ, ಅಗತ್ಯವಾಗಿ ಬನ್ನಿ ಎಂದೆ. ಫೋನ್ ಇಟ್ಟ ಮೇಲೆ, ಯಾಕಾದರೂ ಒಪ್ಪಿಕೊಂಡೆನೋ ಅನ್ನಿಸಿತು.

ಯಾಕೆಂದರೆ ಜೇಕಿನ ವಿಷಯದಲ್ಲಿ ನಾನೊಬ್ಬ ಕಳ್ಳ.

ಕೆರೆಯಂಚಿನಲ್ಲಿ ಹಸಿರಾಗಿ ನಿಂತದ್ದೆಲ್ಲ ನೋಡುವವರಿಗೆ ಹುಲ್ಲೇ. ನಮ್ಮ ಸಸ್ಯಶಾಸ್ತ್ರದಲ್ಲಿ ಹಾಗಲ್ಲ. ಕಡ್ಡಿಯನ್ನು ಎರಡು ಬೆರಳ ನಡುವೆ ಹೊರಳಿಸಬೇಕು. ಗಿಣ್ಣು ಸಿಕ್ಕಿದರೆ ಹುಲ್ಲು. ಮೂರು ಮೂಲೆ ಒತ್ತಿದರೆ ಜೇಕು. ಗುಂಡಗೆ ನುಣ್ಣಗಿದ್ದರೆ, ಇಂಗ್ಲಿಷಿನವರು ರಶ್ ಎಂದು ಕರೆಯುವ ಬೇರೆಯೇ ಕುಟುಂಬ. ಇಷ್ಟನ್ನು ಯಾವ ಗೈಡು ಓದಿದರೂ ಹೇಳಬಹುದು. ಆದರೆ ಹೊರಳಿಸಬೇಕಾದರೆ ಮುಟ್ಟಬೇಕು, ಮುಟ್ಟಬೇಕಾದರೆ ನೀರಿಗಿಳಿಯಬೇಕು. ನಾನು ಆವರೆಗೆ ಇಳಿದವನಲ್ಲ.

ಹದಿನೈದು ವರ್ಷದ ಹಿಂದೆ, ಮೊದಲ ಸಲ ಹುಡುಗರನ್ನು ಕಟ್ಟಿಕೊಂಡು ಆತಗೂರು ಕೆರೆಗೆ ಹೋದಾಗ ಇಳಿಯಲು ಹೊರಟಿದ್ದೆ. ಬೂಟಿನ ಲೇಸು ಬಿಚ್ಚುತ್ತಿದ್ದೆ. ಮೊಣಕಾಲುದ್ದ ನೀರಿನಲ್ಲಿ ನಿಂತು ಹಸುವಿಗೆ ಹುಲ್ಲು ಕೊಯ್ಯುತ್ತಿದ್ದ ಹೆಂಗಸೊಬ್ಬಳು ಕುಡುಗೋಲು ಎತ್ತಿ ತಡೆದಳು.

"ಇಳೀಬ್ಯಾಡಿ ಮೇಷ್ಟ್ರೆ. ಜಿಗಣೆ ಅವೆ. ಕಚ್ಚುದ್ರೆ ಬುಡಾಕಿಲ್ಲ."

ನನಗೆ ಹಾವಿನ ಭಯವಿಲ್ಲ, ಪ್ರಿನ್ಸಿಪಾಲರ ಭಯವೂ ಅಷ್ಟಿಲ್ಲ. ಜಿಗಣೆ ಎಂದರೆ ಮಾತ್ರ ಜೀವ ಬಾಯಿಗೆ ಬರುತ್ತದೆ. ಮೂಳೆಯಿಲ್ಲದ, ಮುಖವಿಲ್ಲದ, ಕೇಳದೆ ಒಳಗೆ ಬರುವ ಆ ಪ್ರಾಣಿಯನ್ನು ದೇವರು ಯಾವ ಲಹರಿಯಲ್ಲಿ ಸೃಷ್ಟಿಸಿದನೋ. ಲೇಸು ಮತ್ತೆ ಕಟ್ಟಿದೆ. ಹುಡುಗರನ್ನೂ ಇಳಿಸಲಿಲ್ಲ, ಮೂವತ್ತು ತಾಯಂದಿರಿಗೆ ಯಾರು ಉತ್ತರ ಕೊಡುವುದು. ಆ ಹೆಂಗಸು, ಹೆಸರು ದೇವಿರಮ್ಮ, ತಾನೇ ಒಂದೊಂದು ಕಡ್ಡಿ ಮುರಿದು ಏರಿಗೆ ಎಸೆದಳು.

ಮುಂದಿನ ವರ್ಷದ ಹೊತ್ತಿಗೆ ನಮ್ಮಿಬ್ಬರಲ್ಲಿ ಒಪ್ಪಂದವಾಗಿತ್ತು. ನಾನು ಏರಿಯ ಮೇಲಿಂದ ಕೋಲು ತೋರಿಸಬೇಕು. ಅವಳು ಹುಲ್ಲು ಕೊಯ್ಯುವವಳಂತೆಯೇ ಆ ಗಿಡದ ಬಳಿ ಹೋಗಿ ಮುಟ್ಟಬೇಕು. ಅವಳಿಗೆ ಕೈಯೂ ಬೇಡ, ಕಾಲ್ಬೆರಳಲ್ಲೇ ಗೊತ್ತಾಗುತ್ತಿತ್ತು. ಮೂರು ಮೂಲೆಯಿದ್ದರೆ ಒಂದು ಕೆಮ್ಮು, ಗುಂಡಗಿದ್ದರೆ ಎರಡು, ಗಿಣ್ಣಿದ್ದರೆ ಮೂರು. ತೆನೆಯ ಆಕಾರ ದೂರದಿಂದಲೇ ಕಾಣುತ್ತದೆ, ಉಳಿದದ್ದನ್ನು ನಾನು ಪುಸ್ತಕದ ಬಲದಿಂದ ಹೇಳುತ್ತಿದ್ದೆ. ಇದಕ್ಕೆ ಪ್ರತಿಯಾಗಿ ಪ್ರತಿ ವರ್ಷ ಒಂದು ಪೊಟ್ಟಣ ವಡೆ, ರೈಲ್ವೆ ಸ್ಟೇಷನ್ ಎದುರಿನ ಅಂಗಡಿಯದೇ ಆಗಬೇಕು. ಮುಟ್ಟದೆ, ಬಗ್ಗದೆ, ಏರಿಯ ಮೇಲೆ ನಿಂತೇ ಜೇಕು ಗುರುತಿಸುವ ಮೇಷ್ಟ್ರು ಎಂದು ಮಂಡ್ಯದವರೆಗೂ ನನ್ನ ಹೆಸರಾಯಿತು. ನಾನು ಬೇಡ ಎನ್ನಲಿಲ್ಲ.

ವನಜಾ ಮೇಡಂ ಬರುವ ಹಿಂದಿನ ದಿನ ಸ್ಕೂಟರಿನಲ್ಲಿ ಆತಗೂರಿಗೆ ಹೋಗಿ ದೇವಿರಮ್ಮನ ಮನೆ ಮುಂದೆ ನಿಂತೆ.

"ನಾಳೆ ದೊಡ್ಡೋರು ಬರ್ತಾರೆ. ಸರಿಯಾಗಿ ಕೆಮ್ಮಬೇಕು."

"ನಾನ್ ಯಾವತ್ತು ತೆಪ್ಪಾಗಿ ಕೆಮ್ಮಿವ್ನಿ? ವಡೆ ಎಲ್ಡು ಜಾಸ್ತಿ ತನ್ನಿ. ಮೊಮ್ಮಗ ಬಂದವ್ನೆ."

ಬೆಳಿಗ್ಗೆ ಒಂಬತ್ತಕ್ಕೆ ಏರಿಯ ಮೇಲೆ ಸೇರಿದೆವು. ವನಜಾ ಮೇಡಂ ಅರವತ್ತರ ಹತ್ತಿರದವರು, ಮೆತ್ತಗಿನ ಮಾತು, ಕಾಲಲ್ಲಿ ಹಳೇ ರಬ್ಬರ್ ಚಪ್ಪಲಿ. ನಾಲ್ಕು ಊರಿನ ವಿಶ್ವವಿದ್ಯಾಲಯದವರು ಜೇಕಿನ ಅನುಮಾನ ಬಂದರೆ ಇವರನ್ನು ಕೇಳುತ್ತಾರೆ. ನನ್ನ ಮೂವತ್ತು ವಿದ್ಯಾರ್ಥಿಗಳು ನೋಟ್‌ಬುಕ್ ಬಿಚ್ಚಿ ಸಾಲಾಗಿ ನಿಂತರು. ದೇವಿರಮ್ಮ ನೀರಿನಲ್ಲಿ ತನ್ನ ಪಾಡಿಗೆ ಹುಲ್ಲು ಕೊಯ್ಯುತ್ತಿದ್ದಳು. ಅವಳ ನಟನೆಯ ಮುಂದೆ ನನ್ನದು ಏನೂ ಅಲ್ಲ.

ಕೋಲು ತೋರಿಸಿದೆ. ಒಂದು ಕೆಮ್ಮು. ತುದಿಯಲ್ಲಿ ಕೊಡೆಯಂತೆ ಬಿಚ್ಚಿದ ತೆನೆ. "ಜೇಕು. ಸೈಪರಸ್," ಎಂದೆ. ವನಜಾ ಮೇಡಂ ತಲೆಯಾಡಿಸಿದರು. ಇನ್ನೊಂದು, ಮೂರು ಕೆಮ್ಮು. "ಇದು ಹುಲ್ಲು, ಜೇಕಲ್ಲ, ಮೋಸಹೋಗಬಾರದು," ಎಂದು ಹುಡುಗರ ಕಡೆ ತಿರುಗಿ ಬೆರಳಾಡಿಸಿದೆ. ಮೂರನೆಯದಕ್ಕೂ ತಲೆಯಾಡಿಸಿದರು, ನಾಲ್ಕನೆಯದಕ್ಕೂ. ನನಗೆ ಎದೆ ಉಬ್ಬಿತು. ಕೈಪಿಡಿಯ ಪುಟದಲ್ಲಿ ನನ್ನ ಹೆಸರು ದಪ್ಪಕ್ಷರದಲ್ಲಿ ಕಾಣಿಸತೊಡಗಿತು.

ಸುಮ್ಮನಿರಬೇಕಿತ್ತು. ನಾನು ಇನ್ನೂ ದೂರದಲ್ಲಿ, ಎಲೆಯೇ ಇಲ್ಲದೆ ನೆಟ್ಟಗೆ ನಿಂತ ಹಸಿರು ಕಡ್ಡಿಗಳ ಗುಂಪಿನ ಕಡೆ ಕೋಲು ಚಾಚಿದೆ. ದೇವಿರಮ್ಮ ನಿಧಾನವಾಗಿ ಅತ್ತ ನಡೆದಳು. ಎರಡು ಕೆಮ್ಮು.

"ರಶ್," ಎಂದೆ. ಹದಿನೈದು ವರ್ಷದಿಂದ ಆ ಗುಂಪಿಗೆ ಅದನ್ನೇ ಹೇಳಿಕೊಂಡು ಬಂದವನು.

ವನಜಾ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. "ರಶ್ಶಾ? ಈ ಸೀಮೆಯ ಕೆರೆಗಳಲ್ಲಿ ನನಗೆ ಒಂದೂ ಸಿಕ್ಕಿಲ್ಲ. ಹಾಗಿದ್ದರೆ ದೊಡ್ಡ ಸುದ್ದಿಯೇ. ಮೊದಲ ಪುಟದಲ್ಲೇ ಹಾಕೋಣ, ನಿಮ್ಮ ಹೆಸರಿನಲ್ಲಿ. ಹೂವು ನೋಡಬೇಕಲ್ಲ, ಬುಡಸಮೇತ ಒಂದು ಕಿತ್ತು ತನ್ನಿ."

"ದೇವಿರಮ್ಮ, ಒಂದು ಕಿತ್ತು—"

"ಅವರು ಯಾಕೆ? ಗುರುತಿಸಿದವರು ನೀವು."

ನನ್ನ ವಿದ್ಯಾರ್ಥಿನಿ, ಕೊತ್ತತ್ತಿಯ ರಂಜಿತ ಪಕ್ಕದಲ್ಲೇ ನಿಂತಿದ್ದಳು. ಅವಳ ನೋಟ್‌ಬುಕ್ ಮೇಲೆ ಕಣ್ಣು ಹೋಯಿತು. ಗಿಡದ ಹೆಸರಿನ ಪಕ್ಕ ಒಂದು ಕಾಲಂ ಗೆರೆ ಹಾಕಿದ್ದಳು, ಅದರ ತಲೆಬರಹ "ಕೆಮ್ಮು". ಕೆಳಗೆ ಒಂದು, ಮೂರು, ಒಂದು, ಒಂದು, ಎರಡು.

"ಸಾ, ಓಗ್ಬನ್ನಿ ಸಾ," ಎಂದಳು, ತುಂಬಾ ವಿನಯದಿಂದ.

ಬೂಟು ಬಿಚ್ಚಿದೆ. ಕಾಲುಚೀಲ ಮಡಿಸಿ ಬೂಟಿನೊಳಗೆ ಇಟ್ಟೆ. ಪ್ಯಾಂಟು ಸುತ್ತಿಕೊಂಡೆ. ಇಷ್ಟಕ್ಕೆ ಎಷ್ಟು ಹೊತ್ತು ಹಿಡಿಯಬಹುದೋ ಅಷ್ಟು ಹಿಡಿಸಿದೆ. ಆಮೇಲೆ ಬೇರೆ ದಾರಿಯಿರಲಿಲ್ಲ. ಕೆಸರು ತಣ್ಣಗೆ ಬೆರಳ ಸಂದಿಯಲ್ಲಿ ನುಗ್ಗಿದಾಗ ಮೈಯೆಲ್ಲ ಮುಳ್ಳೆದ್ದಿತು. ನೀರೊಳಗೆ ಏನು ತಾಕಿದರೂ ಜಿಗಣೆಯೇ. ಕಾಲಿಗೆ ಏನೋ ಒತ್ತಿತು, ಕಿರುಚುವುದರಲ್ಲಿದ್ದೆ. ಒತ್ತಿದ್ದು ಮೂರು ಮೂಲೆಯ ಒಂದು ಕಡ್ಡಿ. ಒಂದೊಂದು ಮೂಲೆಯೂ ಬೆರಳಿಗೆ ಬೇರೆಬೇರೆಯಾಗಿ ತಿಳಿಯುತ್ತಿತ್ತು. ಇನ್ನೊಮ್ಮೆ ಬೆರಳಿಂದ ಒತ್ತಿ ನೋಡಿದೆ.

ಗುಂಡು ಕಡ್ಡಿಗಳ ಗುಂಪಿಗೆ ಬಂದೆ. ಒಂದನ್ನು ಬುಡಕ್ಕೆ ಕೈಹಾಕಿ ಕಿತ್ತೆ. ತುದಿ ನೋಡಿದೆ. ರಶ್ ಆಗಿದ್ದರೆ ಪುಟ್ಟ ಹೂವುಗಳಿರಬೇಕು, ಪ್ರತಿ ಹೂವಿಗೂ ಆರು ಎಸಳು. ಇಲ್ಲಿ ಎಸಳೂ ಇಲ್ಲ, ಏನೂ ಇಲ್ಲ. ಕಡ್ಡಿಯ ನೆತ್ತಿಯಲ್ಲಿ ಹುರುಪೆ ಹುರುಪೆಯಾದ ಒಂದೇ ತೆನೆ. ಜೇಕಿನ ಮನೆತನದ್ದೇ ಲಕ್ಷಣ.

ಬೆನ್ನು ಏರಿಯ ಕಡೆಗಿತ್ತು. ಆ ತುದಿಯನ್ನು ಚಿವುಟಿ ನೀರಿಗೆ ಬಿಟ್ಟರೆ, ಹೂವು ಉದುರಿದೆ ಮೇಡಂ ಎನ್ನಬಹುದಿತ್ತು. ಅನುಮಾನ ಉಳಿಯುತ್ತದೆ, ಮಾನವೂ ಉಳಿಯುತ್ತದೆ. ಬಲಗೈ ಉಗುರನ್ನು ತೆನೆಯ ಬುಡಕ್ಕೆ ಇಟ್ಟೂ ಆಗಿತ್ತು. ಸುಳ್ಳು ಜೋಡಿಸುತ್ತಾ ನಿಂತಾಗ ಎಡಗೈ ಸುಮ್ಮನಿರದೆ ಕಡ್ಡಿಯನ್ನು ಒತ್ತಿತು.

ಚಟ್. ಚಟ್. ಚಟ್.

ಒಳಗೆ ಟೊಳ್ಳು, ಗೇಣುದ್ದಕ್ಕೂ ಅಡ್ಡಡ್ಡ ಪೊರೆಗಳು, ಒತ್ತಿದ ಕಡೆಯೆಲ್ಲ ಒಡೆಯುತ್ತವೆ. "ಕಾಂಡದಲ್ಲಿ ಅಡ್ಡಪೊರೆಗಳಿರುತ್ತವೆ" ಎಂದು ಪ್ರತಿ ವರ್ಷ ನೋಟ್ಸ್ ಬರೆಸುತ್ತೇನೆ. ಪರೀಕ್ಷೆಗೆ ಕೇಳುತ್ತೇನೆ. ಅದಕ್ಕೆ ಸದ್ದಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

"ಎಲಿಯೊಕ್ಯಾರಿಸ್," ಎಂದು ಕೂಗಿಬಿಟ್ಟೆ. "ಕೇಳಿಸ್ತೇನ್ರೋ? ಜೇಕು, ಗುಂಡನೆ ಜೇಕು."

ಕೂಗಿದ ಮೇಲೆ ಏನು ಮಾಡಿದೆ ಎಂದು ಅರಿವಾಯಿತು. ಮೇಷ್ಟ್ರ ಬಾಯಿ ಕಳ್ಳನಿಗೆ ತಕ್ಕದ್ದಲ್ಲ. ಬುಡಸಮೇತ ಕಡ್ಡಿ ಹಿಡಿದುಕೊಂಡು ಏರಿ ಹತ್ತಿ ವನಜಾ ಮೇಡಂ ಕೈಗೆ ಕೊಟ್ಟೆ.

"ರಶ್ ಅಲ್ಲ ಮೇಡಂ. ಹದಿನೈದು ವರ್ಷದಿಂದ ತಪ್ಪು ಹೇಳಿಕೊಂಡು ಬಂದಿದ್ದೇನೆ. ಅಧ್ಯಾಯಕ್ಕೆ ಬೇರೆಯವರನ್ನು ನೋಡಿಕೊಳ್ಳಿ."

ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಆ ಪುಟ ಕೈತಪ್ಪಿತಲ್ಲ ಎಂದು ದುಃಖವಾಯಿತು.

ಅವರು ತೆನೆಯನ್ನು ತಿರುಗಿಸಿ ನೋಡಿದರು. "ಇದು ಜೇಕು ಅಂತ ಇಲ್ಲಿಂದಲೇ ಕಾಣುತ್ತಿತ್ತು ಮಧುಕರ್. ಕೆಮ್ಮೂ ಕೇಳಿಸುತ್ತಿತ್ತು. ನೀವು ಇಳಿಯುತ್ತೀರೋ ಇಲ್ಲವೋ ಅಂತ ನೋಡಬೇಕಿತ್ತು." ಕಡ್ಡಿಯನ್ನು ಹಾಳೆಯ ಮಧ್ಯೆ ಮಲಗಿಸಿದರು. "ಅಧ್ಯಾಯ ನೀವೇ ಬರೀರಿ. ಒಂದೊಂದು ಗಿಡವನ್ನೂ ನೀವೇ ಕಿತ್ತು, ಆಮೇಲೆ ಬರೀರಿ. ಕಾಲ್ಬೆರಳಿನ ವಿದ್ಯೆಗೆ ದೇವಿರಮ್ಮನವರ ಹೆಸರೂ ಹಾಕಿ."

ಆಗಲೇ ಜಿಗಣೆಯ ನೆನಪು ಬಂದದ್ದು. ಸಂತೋಷವೆಲ್ಲ ಅಲ್ಲೇ ಬಿಟ್ಟು ನೆಲಕ್ಕೆ ಕೂತು, ಪ್ಯಾಂಟು ಇನ್ನೂ ಮೇಲಕ್ಕೆ ಸುತ್ತಿ, ಮೀನಖಂಡ, ಹಿಮ್ಮಡಿ, ಬೆರಳ ಸಂದಿ ಎಲ್ಲ ತಡಕಾಡತೊಡಗಿದೆ. ದೇವಿರಮ್ಮ ಹುಲ್ಲಿನ ಹೊರೆಯನ್ನು ಏರಿಯ ಮೇಲಿಟ್ಟು ನನ್ನನ್ನೇ ನೋಡುತ್ತಿದ್ದಳು.

"ಏನ್ ಉಡುಕ್ತಿದ್ದೀರಿ ಮೇಷ್ಟ್ರೆ?"

"ಜಿಗಣೆ ಕಣಮ್ಮ. ಎಲ್ಲಿ ಕಚ್ಚಿದೆಯೋ."

"ಜಿಗಣೆ ಎಲ್ಲವೆ? ಗದ್ದೆಗೆ ಯೂರಿಯಾ, ಔಸ್ತಿ ಉಯ್ಯಕ್ ಸುರು ಮಾಡುದ್ಮೇಲೆ ಎಲ್ಲ ಸತ್ತೋದೊ. ನಾನ್ ಈ ಕೆರೇಲಿ ಜಿಗಣೆ ನೋಡಿ ಇಪ್ಪತ್ತೈದ್ ವರ್ಸ ಆಯ್ತು."

ನನ್ನ ಕೈ ಹಿಮ್ಮಡಿಯ ಮೇಲೆಯೇ ನಿಂತಿತು. "ಮತ್ತೆ ಅವತ್ತು ನೀನೇ ಹೇಳಿದೆಯಲ್ಲ?"

"ಮೂವತ್ ಐಕ್ಳು ಇಳುದ್ರೆ ನನ್ ಹುಲ್ನೆಲ್ಲ ತುಳ್ದಾಕ್ತಿದ್ರು. ಅದ್ಕೆ ಅಂದೆ."

"ಸರಿ, ಆಮೇಲಾದರೂ ಹೇಳಬಹುದಿತ್ತಲ್ಲ. ಹದಿನೈದು ವರ್ಷ."

ದೇವಿರಮ್ಮ ನನ್ನ ಚೀಲದಿಂದ ಪೊಟ್ಟಣ ತೆಗೆದು ಬಿಚ್ಚಿದಳು, ಮೊಮ್ಮಗನಿಗೆಂದು ಎರಡು ಪಕ್ಕಕ್ಕಿಟ್ಟಳು, ಒಂದನ್ನು ಮುರಿದು ಅರ್ಧ ನನ್ನ ಕೆಸರುಗೈಗೆ ಕೊಟ್ಟಳು.

"ಹೇಳುದ್ರೆ ನೀವೇ ಇಳ್ಕತಿದ್ರಿ," ಎಂದಳು. "ವಡೆ ಯಾರ್ ತರೋರು?"