ನಡುನೀರಿನ ಬಲೆ

ಬಲೆ ಬಿಡುವುದು ಗಂಡ, ಹುಟ್ಟು ಹಾಕುವುದು ಹೆಂಡತಿ. ಭದ್ರಾ ಹಿನ್ನೀರಿನಲ್ಲಿ ತೆಪ್ಪ ನಡೆಸುವ ಮನೆಗಳಲ್ಲೆಲ್ಲ ಇದೇ ಪದ್ಧತಿ. ಲೈಸೆನ್ಸು ಮಾತ್ರ ಬಲೆ ಬಿಡುವವನ ಹೆಸರಿಗೆ. ಹೂವಮ್ಮ ಹನ್ನೊಂದು ವರ್ಷ ಹುಟ್ಟು ಹಾಕಿದ್ದಳು. ೨೦೦೭ರ ಮಾಘದಲ್ಲಿ ಗಂಡ ಯೋಗೇಶ್ ಲಾರಿಗೆ ಸಿಕ್ಕಿ ಹೋದ. ಅವನ ಲೈಸೆನ್ಸು ಮೈದುನ ಹಿರಿಯಣ್ಣನಿಗೆ ಎಂದು ಭದ್ರಾವತಿಯ ಮೀನುಗಾರರ ಸಂಘ ಬೇಸಿಗೆಯ ಹೊತ್ತಿಗೆ ಹೆಚ್ಚುಕಡಿಮೆ ತೀರ್ಮಾನಿಸಿಬಿಟ್ಟಿತ್ತು.

"ನನ್ನ ಹೆಸರಿಗೆ ಮಾಡಿ," ಎಂದಳು ಹೂವಮ್ಮ.

ಅಧ್ಯಕ್ಷ ಓಂಕಾರಪ್ಪ ಎಲೆಅಡಿಕೆಯನ್ನು ಒಂದು ದವಡೆಗೆ ಸರಿಸಿದ. "ನೀನು ಬಲೆ ಬಿಟ್ಟಿದ್ದನ್ನ ಯಾರು ನೋಡಿದಾರೆ ಮಾರಾಯ್ತಿ? ಸೋಮವಾರದೊಳಗೆ ಒಂದು ಬುಟ್ಟಿ ಮೀನು ತೋರ್ಸು. ಆಮೇಲೆ ಮಾತಾಡಣ."

ಕೂತಿದ್ದವರು ನಕ್ಕರು. ಎರಡು ವಾರದಿಂದ ಅವರ ಬಲೆಗಳೇ ಬರಿದಾಗಿ ಬರುತ್ತಿದ್ದವು.

ಅದೇ ವಾರ ಶಿವಮೊಗ್ಗದ ನವುಲೆಯ ಕಾಲೇಜಿನಿಂದ ತ್ರಿವಿಕ್ರಮ ಎಂಬ ಮೇಷ್ಟ್ರು ಹಿನ್ನೀರಿನ ತಳ ನೋಡಲು ಒಂದು ಯಂತ್ರ ಹೊತ್ತು ಬಂದಿದ್ದರು. ನೀರಿನೊಳಗೆ ಎರಡೂ ಪಕ್ಕಕ್ಕೆ ಸದ್ದು ಕಳಿಸಿ, ಮರಳಿ ಬಂದದ್ದನ್ನು ಪುಟ್ಟ ಪರದೆಯ ಮೇಲೆ ಚಿತ್ರ ಮಾಡುವ ಸೋನಾರ್. ಅದು ನೇರ ದಾರಿಯಲ್ಲಿ ಸಾಗಬೇಕು. ಬುಟ್ಟಿಯಂಥ ದುಂಡು ತೆಪ್ಪವೋ ಬುಗುರಿಯಂತೆ ತಿರುಗುವ ಜಾತಿ. ಯಂತ್ರ ನೋಡುವ ಆಸೆಗೆ ಗಂಡಸರೇ ಹುಟ್ಟು ಹಾಕಿದಾಗ ಚಿತ್ರ ಕಲಸಿದ ಹಿಟ್ಟಿನಂತೆ ಬಂತು. ಹೂವಮ್ಮ ಹಾಕಿದಾಗ ನೆಟ್ಟಗೆ ಬಂತು: ಮುಳುಗಿದ ಮರದ ಬುಡಗಳು, ಹಳೇ ಗಾಡಿದಾರಿ, ಅಕ್ಕಿಕಾಳಿನಂಥ ಬಿಳಿ ಚುಕ್ಕೆಗಳು, ಅವಕ್ಕಿಂತ ಒಂದಿಷ್ಟು ಆಚೆಗೆ ಕಪ್ಪು ಗೆರೆಗಳು.

ದಡದಲ್ಲಿ ಚಿತ್ರ ನೋಡಿದ ಗಂಡಸರಿಗೆ ಕಪ್ಪು ಗೆರೆಯೇ ಮೀನಾಗಿ ಕಂಡಿತು. ತೆಪ್ಪದಿಂದ ಬಗ್ಗಿ ನೋಡಿದರೆ ಮೀನಿನ ಬೆನ್ನು ಕಪ್ಪಗೇ ಅಲ್ಲವೆ. ಮೇಷ್ಟ್ರು ವಿವರಿಸುವಷ್ಟರಲ್ಲಿ ತೆಪ್ಪಗಳು ಹೊರಟಾಗಿತ್ತು. ಗೆರೆಗಳಿದ್ದಲ್ಲಿ ತಳದವರೆಗೆ ಬಲೆ ಇಳಿಸಿದರು. ಬೆಳಿಗ್ಗೆ ಕಸ ಬಂತು.

"ಸಾರ್, ಕಪ್ಪಗಿರೋದು ನೆರಳಲ್ವಾ?" ಎಂದು ಹೂವಮ್ಮ ಕೇಳಿದಳು. "ಮರದ ನೆರಳು ಬುಡಕ್ಕೆ ಅಂಟ್ಕೊಂಡಿದೆ. ಈ ಚುಕ್ಕೆಗಳ ನೆರಳು ಅವನ್ನ ಬಿಟ್ಟು ದೂರ ಬಿದ್ದಿದೆ. ಹಾರೋ ಕಾಗೆ ನೆರಳಿನ ಥರ."

ತ್ರಿವಿಕ್ರಮ ಕನ್ನಡಕ ತೆಗೆದು ಅವಳನ್ನೇ ನೋಡಿದರು. "ಹೌದಮ್ಮ. ಮೀನು ತಳದಲ್ಲೂ ಇಲ್ಲ, ಮೇಲೂ ಇಲ್ಲ. ನಡುನೀರಲ್ಲಿ ನಿಂತಿದೆ."

ಎಂಟು ಮಾರು ನೀರು. ನೆರಳು ಬಿದ್ದ ದೂರದಿಂದ ಲೆಕ್ಕ ಸಿಕ್ಕಿತು: ನಾಲ್ಕನೇ ಮಾರಿನಲ್ಲಿ ಮೀನು. ಶನಿವಾರ ಹೂವಮ್ಮ ಬಲೆಗೂ ನೀರ ಮೇಲೆ ತೇಲುವ ಬೆಂಡಿಗೂ ನಡುವೆ ಮೂರು ಮಾರು ಹಗ್ಗ ಬಿಟ್ಟು ಕಟ್ಟಿದಳು. ಬಲೆಯನ್ನು ತಳಕ್ಕೆಳೆಯುವ ಗುಂಡುಗಳಲ್ಲಿ ಅರ್ಧದಷ್ಟು ಬಿಚ್ಚಿದಳು. ಇನ್ನು ಬಲೆ ತಳ ಮುಟ್ಟದೆ ನಡುವೆಯೇ ಜೋಲುತ್ತದೆ. ಆದರೆ ಒಬ್ಬಳೇ ಹುಟ್ಟೂ ಹಾಕಿ ಬಲೆಯೂ ಬಿಡಲಾಗದು. ನೇರ ಹಿರಿಯಣ್ಣನ ಮುಂದೆ ಹೋಗಿ ನಿಂತಳು.

"ಬಾ, ಹುಟ್ಟು ಹಾಕು."

"ಹೆಂಗಸ್ರ ಕೆಲ್ಸನಾ? ನೋಡಿದೋರು ಏನಂತಾರೆ ಅತ್ತಿಗೆ?"

"ಬರದಿದ್ರೆ ಹೇಳು, ಬೇರೆಯವರನ್ನ ಕೇಳ್ತೀನಿ. ನಮ್ಮ ಮೈದುನಂಗೆ ಹುಟ್ಟು ಹಾಕೋಕೂ ಬರಲ್ಲ ಅಂತ ಹೇಳೇ ಕೇಳ್ತೀನಿ."

ಬಂದ. ಗುರುತು ಸಿಗದ ಹಾಗೆ ಮುಖಕ್ಕೆಲ್ಲ ಟವೆಲ್ ಸುತ್ತಿಕೊಂಡು ಬಂದ. ತೆಪ್ಪ ಇದ್ದಲ್ಲೇ ಮೂರು ಸುತ್ತು ಹಾಕಿತು. "ಎದುರಿಗೆ ಎಳಿ, ಪಕ್ಕಕ್ಕಲ್ಲ," ಎನ್ನುತ್ತ ಅವಳು ಬಿಳಿ ಚುಕ್ಕೆಗಳಿದ್ದ ಕಡೆ ಬಲೆ ಬಿಟ್ಟಳು.

ಬೆಳಿಗ್ಗೆ ಎತ್ತುವಾಗ ಭಾರಕ್ಕೆ ತೆಪ್ಪ ವಾಲಿತು. ಮೊಳದುದ್ದದ ಕಾಟ್ಲಾ ಮೀನುಗಳು.

ದಡದಲ್ಲಿ ಓಂಕಾರಪ್ಪ ಮೊದಲ ಬುಟ್ಟಿ ನೋಡಿದ. ಎರಡನೆಯದನ್ನೂ ನೋಡಿದ. "ಇದು ಮಿಷಿನ್ ಹಿಡಿದ ಮೀನು ಕಣಮ್ಮ. ನೀನು ಹಿಡಿದಿದ್ದಲ್ಲ."

"ಅದೇ ಮಿಷಿನ್ ಇವ್ರಿಗೂ ತೋರಿಸ್ತಲ್ಲ. ಕಸ ಹಿಡ್ಕೊಂಡು ಬಂದ್ರು."

"ಸರಿ, ಮುಂದಿನ ಮೀಟಿಂಗಲ್ಲಿ ನೋಡಣ."

"ಸೋಮವಾರ ಅಂದಿದ್ರಿ. ಇವತ್ತು ಭಾನುವಾರ." ಅವಳು ಬುಟ್ಟಿಗಳಿಗೆ ಒದ್ದೆ ಗೋಣಿ ಹೊದಿಸಿ ಪಕ್ಕದಲ್ಲೇ ಕೂತಳು. "ನನ್ನ ಹೆಸ್ರು ಬರೆಯೋತನಕ ಸಂಘದ ತಕ್ಕಡಿಗೆ ಒಂದು ಮೀನೂ ಏರಲ್ಲ. ಶಿವಮೊಗ್ಗದ ಬಸ್ಸಿಗೆ ಹಾಕ್ತೀನಿ."

ಓಂಕಾರಪ್ಪ ಹಿರಿಯಣ್ಣನ ಕಡೆ ತಿರುಗಿದ. "ನೀನೇನಂತೀಯಪ್ಪ?"

ಹಿರಿಯಣ್ಣ ಅಂಗೈಯಲ್ಲೆದ್ದ ಗುಳ್ಳೆ ನೋಡಿಕೊಳ್ಳುತ್ತಿದ್ದ. "ಮೀನು ಎಲ್ಲೈತೆ ಅಂತ ನಂಗೆ ಗೊತ್ತಾಗ್ಲಿಲ್ಲ. ಅತ್ತಿಗೆಗೆ ಗೊತ್ತಾಯ್ತು. ಬರೀರಿ."

ಫಾರಂ ಬಂತು. ಓಂಕಾರಪ್ಪ ಅವಳ ಹೆಸರು ಬರೆದ. ಉದ್ಯೋಗ ಎಂಬಲ್ಲಿ 'ಮನೆಗೆಲಸ' ಎಂದು ಬರೆದ. ಹೂವಮ್ಮ ಅವನ ಕೈಯಿಂದ ಪೆನ್ನು ತೆಗೆದುಕೊಂಡು ಅದಕ್ಕೆ ಅಡ್ಡಗೆರೆ ಎಳೆದು ಹೊಡೆದುಹಾಕಿದಳು. ಮೇಲೆ ತಾನೇ 'ಮೀನುಗಾರಿಕೆ' ಎಂದು ಬರೆದು, ಗೋಣಿ ಸರಿಸಿದಳು.