ಇಬ್ಬರು ಹೆಣೆದ ಜಡೆ

ಮೀನು ಮಾರುವ ಅಮ್ಮಣ್ಣಿ ಯಾರನ್ನೂ ಕೇಳಿ ಕೆಲಸ ಮಾಡಿದವಳಲ್ಲ. ವರ್ಷಗಟ್ಟಲೆ ತಲೆಯ ಮೇಲೆ ಬುಟ್ಟಿ ಹೊತ್ತು ಸೊಂಟ ಎಡಕ್ಕೆ ವಾಲಿ, ಗಾಳಿಗೆ ಸಿಕ್ಕ ದೋಣಿಯ ಹಾಗೆ ಓರೆಯಾಗಿ ನಡೆಯುತ್ತಿದ್ದ ಆ ಹೆಂಗಸು ಬೋಳಾರದಿಂದ ಹಂಪನಕಟ್ಟೆಯ ಪೇಟೆಗೆ ಬಂದಳೆಂದರೆ ಜಟಕಾದವರೇ ದಾರಿ ಬಿಡಬೇಕು. ಗಿರಾಕಿ ಬಂಗುಡೆ ಕೇಳಿದರೆ, "ಇವತ್ತು ನಿಮಗೆ ಬೂತಾಯಿ," ಎಂದು ತಾನೇ ತೀರ್ಮಾನಿಸಿ, ಕೊಟ್ಟು, ಮುಂದೆ ಹೋಗುವಳು.

ಅಂಥವಳು ಒಂದೇ ಒಂದು ಮನೆಯ ಹೊಸ್ತಿಲು ದಾಟಿದ ಮೇಲೆ ಎಲ್ಲದಕ್ಕೂ ಅಪ್ಪಣೆ ಕೇಳುತ್ತಿದ್ದಳೆಂಬುದು ರಾಜೀವಿಗೆ ಈ ಇಳಿವಯಸ್ಸಿನಲ್ಲೂ ಬೆರಗಿನ ಸಂಗತಿ. ಅದು ರಾಜೀವಿಯ ತಾಯಿ ಅಪ್ಪಿಯ ಮನೆ. ಅಮ್ಮಣ್ಣಿಯ ಮನೆಗೂ ಅದಕ್ಕೂ ನಡುವೆ ಬಲೆ ಒಣಗಿಸುವ ಒಂದು ಅಂಗಳ.

ಅಪ್ಪಿಯ ಗಂಡನನ್ನು ಕಡಲು ತೆಗೆದುಕೊಂಡು ಮೂರು ವರ್ಷವಾಗಿತ್ತು. ಮೂವತ್ತೆಂಟನೆಯ ಇಸವಿಯಲ್ಲಿ ಅವಳ ಬಲ ಎದೆಯ ಗಂಟು ಒಡೆದು ವ್ರಣವಾದಾಗ ಡಾಕ್ಟರರು ಕ್ಯಾನ್ಸರ್ ಎಂದರು, ತಡವಾಯಿತು ಎಂದರು. ಅಂದಿನಿಂದ ಅಮ್ಮಣ್ಣಿ ಬುಟ್ಟಿ ಖಾಲಿಯಾದೊಡನೆ ಬಂದು ಗಾಯ ತೊಳೆದಳು, ಬಟ್ಟೆ ಒಗೆದಳು, ಒಂಬತ್ತರ ರಾಜೀವಿಗೂ ಅವಳ ತಮ್ಮ, ನಾಲ್ಕರ ಲೀಲಾಧರನಿಗೂ ಗಂಜಿ ಬಡಿಸಿದಳು. ಆದರೆ ಸಾರಿಗೆ ಹುಳಿ ಎಷ್ಟು, ಹುಡುಗನಿಗೆ ಕೆಮ್ಮು ಉಂಟು, ಸ್ನಾನ ಬೇಕಾ ಬೇಡವಾ, ಎಲ್ಲವನ್ನೂ ಮಂಚದ ಬಳಿ ನಿಂತು ಕೇಳುವಳು. ನಲವತ್ತು ವರ್ಷ ಮೀನುಸಾರು ಕುದಿಸಿದವಳಿಗೆ ಹುಳಿಯ ಅಳತೆ ಗೊತ್ತಿರಲಿಲ್ಲವೇ?

ತಪ್ಪಿದ್ದು ಒಂದೇ ಸಲ. ಮಗಳ ಜಡೆಯನ್ನು ಮಾತ್ರ ಅಪ್ಪಿ ಮಂಚದಲ್ಲಿದ್ದುಕೊಂಡೇ ತಾನೇ ಹಾಕುತ್ತಿದ್ದಳು. ಅಪ್ಪಿಯ ಬಲಗೈ ಬಾತು ಮೇಲೇಳದಂತಾದ ವಾರ, ಅವಳಿಗೆ ತ್ರಾಸ ಬೇಡವೆಂದು ಅಮ್ಮಣ್ಣಿ ಜಗಲಿಯಲ್ಲೇ ಕೂತು ರಾಜೀವಿಗೆ ಜಡೆ ಹಾಕಿಬಿಟ್ಟಳು. ಜಡೆ ಹಾಕಿಕೊಂಡು ಒಳಗೆ ಬಂದ ಮಗಳನ್ನು ಕಂಡು ಗೋಡೆಯ ಕಡೆ ಹೊರಳಿದ ಅಪ್ಪಿ ಗಂಜಿಯ ತಿಳಿಯನ್ನೂ ಮುಟ್ಟಲಿಲ್ಲ. ಅಮ್ಮಣ್ಣಿ ಬಾಯಿಯ ಎಲೆಅಡಿಕೆ ಉಗುಳಿ ಬಂದಳು; ಹುಡುಗಿಯನ್ನು ಮಂಚಕ್ಕೆ ಒರಗಿಸಿ ನೆಲದ ಮೇಲೆ ಕೂರಿಸಿ, ಹಾಕಿದ ಜಡೆಯನ್ನು ಪೂರ್ತಿ ಬಿಚ್ಚಿದಳು. ಎರಡು ಎಳೆ ತಾನು ಹಿಡಿದು, ಮೂರನೆಯದನ್ನು ಅಪ್ಪಿಯ ಎಡಗೈಗೆ ಕೊಟ್ಟು ಕೇಳಿದಳು:

"ಬಿಗಿಯಾ, ಸಡಿಲವಾ?"

"ಸಡಿಲ ಬೇಡ. ಅವಳು ಓಡ್ತಾಳೆ," ಎಂದಳು ಅಪ್ಪಿ.

ಆಮೇಲೆ ದಿನಾ ಅದೇ.

ಒಂದು ದಿನ ಉಳ್ಳಾಲದಿಂದ ಅಪ್ಪಿಯ ಅಣ್ಣ ಚೆನ್ನಪ್ಪ ಬಂದು, ಮಕ್ಕಳು ನೋಡಬಾರದ್ದನ್ನೆಲ್ಲ ನೋಡುತ್ತವೆ, ಇವತ್ತೇ ತನ್ನ ಮನೆಗೆ ಬರಲಿ ಎಂದ. ಸೋದರಮಾವನ ಮಾತೆಂದರೆ ಆ ಕಡೆ ಕೊನೆಯ ಮಾತು. ಬಟ್ಟೆಯ ಗಂಟೂ ಕಟ್ಟಿಸಿದ. ಅಮ್ಮಣ್ಣಿ ಈಗ ಬಾಯಿ ತೆಗೆಯುತ್ತಾಳೆಂದು ಓಣಿಯೇ ಕಾದು ನಿಂತಿತು. ಅವಳು ಬಾಚಣಿಗೆ ತಂದು, ರಾಜೀವಿಯನ್ನು ಕೂರಿಸಿ, ಎಳೆ ಹಂಚಿ, ಅಂದದ್ದು ಇಷ್ಟು: "ಇವಳ ಅಮ್ಮ ಇದ್ದಾಳಲ್ಲ ಮಾರಾಯ್ರೇ. ಅವಳನ್ನು ಕೇಳಿ."

ಅಲ್ಲಿಯವರೆಗೆ ಅವನು ಕೇಳಿಯೇ ಇರಲಿಲ್ಲ.

"ನಾನು ಹೋದ ಮೇಲೆ ಕರ್ಕೊಂಡು ಹೋಗು ಅಣ್ಣ," ಎಂದಳು ಅಪ್ಪಿ, ಕೈಯ ಎಳೆ ಬಿಡದೆ. "ಈಗ ಇಲ್ಲೇ ಇರಲಿ."

ಚೆನ್ನಪ್ಪ ಜಡೆ ಮುಗಿಯುವ ತನಕ ನಿಂತು ನೋಡಿದ. ಬಟ್ಟೆಯ ಗಂಟನ್ನು ತಾನೇ ಬಿಚ್ಚಿಟ್ಟು ಹೋದ.

ಅಪ್ಪಿ ಇನ್ನೂ ಐವತ್ತು ದಿನ ಆ ಮನೆಯ ತಾಯಿಯಾಗಿಯೇ ಬದುಕಿದಳು. ಮಕ್ಕಳು ಉಳ್ಳಾಲಕ್ಕೆ ಹೊರಟ ಬೆಳಿಗ್ಗೆ ಅಮ್ಮಣ್ಣಿ ಬಾಚಣಿಗೆ ಹಿಡಿದು ಬಂದಳು, ಖಾಲಿ ಮಂಚವನ್ನೊಮ್ಮೆ ನೋಡಿದಳು, ಆಮೇಲೆ ರಾಜೀವಿಯನ್ನೇ ಕೇಳಿದಳು: "ಬಿಗಿಯಾ, ಸಡಿಲವಾ?"

ಇನ್ನೊಬ್ಬರ ಹೊರೆಗೆ ತಲೆ ಕೊಡುವವರು ಲೋಕದಲ್ಲಿ ಬೇಕಾದಷ್ಟು ಜನ ಉಂಟು. ತಲೆಗೇರಿದ ಮೇಲೂ ಅದು ತಮ್ಮದೆಂದು ಎಣಿಸದೆ, ಹೊರೆ ಯಾರದೋ ಅವರನ್ನೇ ದಿನಾ ಕೇಳುತ್ತ ಹೊರುವವರು ಅಪರೂಪ. ಅಂಥವರು ನಡೆಯುವುದು ಸ್ವಲ್ಪ ಓರೆಯಾಗಿಯೇ.